ಚಳಿಯಲ್ಲಿ ಗಿಟಾರಿಗೆ ಬಣ್ಣ ಬೇಡ

ತಮ್ಮ ಗಿಟಾರನ್ನು ತಾವೇ ಮಾಡಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳನ್ನೂ ಹಿಡಿದಿದೆ. ಮರದ ಒಡಲನ್ನು ತಂದು, ಉಪ್ಪುಕಾಗದದಿಂದ ಉಜ್ಜಿ ನಯಗೊಳಿಸಿ, ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆದು, ತಂತಿ ಕಟ್ಟಿ ನುಡಿಸುತ್ತಾರೆ. ಪುಸ್ತಕದಿಂದ ತಲೆಯೆತ್ತಿ ಕೈಗೆ ಕೆಲಸ ಕೊಡುವ ಯಾವ ಹವ್ಯಾಸವೂ ಮೆಚ್ಚತಕ್ಕದ್ದೇ. ಆದರೆ ಡಿಸೆಂಬರ್, ಜನವರಿಯ ಚಳಿಯಲ್ಲಿ, ಗ್ಯಾರೇಜಿನೊಳಗೆ ಹೀಟರ್ ಹಚ್ಚಿಕೊಂಡು ಈ ಬಣ್ಣದ ಕೆಲಸವನ್ನು ಮುಗಿಸಿಬಿಡಬಹುದೆಂಬ ನಂಬಿಕೆಯನ್ನು ಮಾತ್ರ, ಬಹುಕಾಲ ವಿಜ್ಞಾನ ಪಾಠ ಹೇಳಿದ ನಾನು ಒಪ್ಪಲಾರೆ.

ಮೊದಲು ಬಣ್ಣದ ಸ್ವಭಾವವನ್ನು ತಿಳಿಯೋಣ. ಗಿಟಾರ್‌ಪ್ರಿಯರು ಬಹಳವಾಗಿ ಬಯಸುವುದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಲ್ಯಾಕರ್ ಎಂಬ ಹೆಸರಿನ ಮೂಲ ನಮ್ಮ ಲಾಕ್ಷಾ, ಅಂದರೆ ಅರಗು. ಹೆಸರು ಒಂದೇ ಬೇರಿನದಾದರೂ ಗುಣ ಬೇರೆ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬೇಕಾದ ಬಿಸಿಯನ್ನು ಆ ಕೆಲಸವೇ ಹುಟ್ಟಿಸಿಕೊಳ್ಳುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹಾಗಲ್ಲ. ಅದು ದ್ರಾವಕದಲ್ಲಿ ಕರಗಿರುತ್ತದೆ, ದ್ರಾವಕ ಗಾಳಿಗೆ ಹಾರಿಹೋದರಷ್ಟೇ ಗಟ್ಟಿಯಾಗುತ್ತದೆ. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಬಂದ ಮೇಲೆ, ವಾರಗಟ್ಟಲೆ ಹಿಡಿಯುತ್ತಿದ್ದ ಕಾರಿನ ಬಣ್ಣದ ಕೆಲಸ ಬಹಳ ಬೇಗ ಮುಗಿಯತೊಡಗಿತು. ಮುಂದೆ ಫೆಂಡರ್ ಕಂಪನಿ ತನ್ನ ಗಿಟಾರುಗಳಿಗೆ ಕಾರಿನ ಬಣ್ಣಗಳನ್ನೇ ಆರಿಸಿಕೊಂಡಿತು. ಹೀಗೆ ಬೇಗ ಒಣಗುವುದಕ್ಕಾಗಿಯೇ ಹೆಸರಾದ ಬಣ್ಣವೂ ಚಳಿಯ ಮುಂದೆ ಸೋಲುತ್ತದೆ.

ಏಕೆ ಸೋಲುತ್ತದೆ? ಡಬ್ಬಿಯೊಳಗೆ ದ್ರವರೂಪದಲ್ಲಿರುವ ಅನಿಲ ಆವಿಯಾಗಿ ಬಣ್ಣವನ್ನು ಹೊರದೂಡುತ್ತದೆ. ಚಳಿಯಲ್ಲಿ ಆ ಒತ್ತಡ ಕುಗ್ಗುತ್ತದೆ. ಸಿಂಪಡಿಸುತ್ತ ಹೋದಂತೆ ಡಬ್ಬಿ ಇನ್ನಷ್ಟು ತಣ್ಣಗಾಗುತ್ತದೆ. ಆಗ ನುಣ್ಣನೆಯ ಮಂಜಿನ ಬದಲು ಹನಿಗಳು ಉಗುಳಿದಂತೆ ಬೀಳುತ್ತವೆ. ಇನ್ನು ಮರದ ಮೇಲಿನ ದ್ರಾವಕ ಆವಿಯಾಗುವಾಗ ಮೇಲ್ಮೈಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಮೇಲ್ಮೈ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂತು, ಹಾಲು ಚೆಲ್ಲಿದಂತೆ ಬಿಳಿ ಮಸುಕು ಮೂಡುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಪೀಠೋಪಕರಣಗಳಿಗೆ ಲ್ಯಾಕರ್ ಹೊಡೆಯುವವರು ಹೆದರುವುದೂ ಇದೇ ಮಸುಕಿಗೆ.

ಮಿಷಿಗನ್‌ನಲ್ಲಿರುವ ಮಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದಾಗ ಮೊಮ್ಮಗ ನನ್ನೊಡನೆ ವಾದಿಸಿದ: "ಅಜ್ಜಾ, ಗ್ಯಾರೇಜು ಈಗ ಅರವತ್ತೆಂಟು ಡಿಗ್ರಿ ಇದೆ. ಇನ್ನೇನು ತೊಂದರೆ?" ಅರವತ್ತೆಂಟು ಫ್ಯಾರನ್‌ಹೀಟ್ ಎಂದರೆ ನಮ್ಮ ಲೆಕ್ಕದಲ್ಲಿ 20 ಡಿಗ್ರಿ. "ಅದು ಗಾಳಿಯ ಲೆಕ್ಕ ಕಣಪ್ಪಾ, ಮರದ ಲೆಕ್ಕ ಹೇಳು" ಎಂದೆ. ಹೊರಗಿನಿಂದ ಬೆಚ್ಚನೆಯ ಮನೆಯೊಳಕ್ಕೆ ಬಂದೊಡನೆ ನನ್ನ ಕನ್ನಡಕ ಮಸುಕಾಗುವುದನ್ನು ಅವನು ದಿನವೂ ನೋಡುತ್ತಿದ್ದ. 20 ಡಿಗ್ರಿಯ ಗಾಳಿಯಲ್ಲಿ ಶೇಕಡಾ 50ರಷ್ಟು ಆರ್ದ್ರತೆಯಿದ್ದರೆ ಇಬ್ಬನಿ ಬಿಂದು ಸುಮಾರು 9 ಡಿಗ್ರಿ. ರಾತ್ರಿಯೆಲ್ಲ ತಣ್ಣಗೆ ಬಿದ್ದಿದ್ದು ಇನ್ನೂ 5 ಡಿಗ್ರಿಯಲ್ಲಿರುವ ಮರದ ಮೇಲೆ, ಕಣ್ಣಿಗೆ ಕಾಣಲಿ ಕಾಣದಿರಲಿ, ತೇವ ಕೂರುತ್ತದೆ. ಗಾಳಿ ಬೇಗ ಬಿಸಿಯಾಗುತ್ತದೆ, ದಪ್ಪ ಮರ ನಿಧಾನವಾಗಿ. ಈ ಮಾತನ್ನು ಅವನು ಒಪ್ಪಿಕೊಂಡ.

ಇಷ್ಟೇ ಆಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ವಾದಿಸುತ್ತಿರಲಿಲ್ಲ. ಕೆಟ್ಟ ಬಣ್ಣವನ್ನು ಉಜ್ಜಿ ತೆಗೆಯಬಹುದು. ನನ್ನ ಭಯ ಬೆಂಕಿಯದು. ಇಂಥ ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಅಸಿಟೋನು ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿದ್ದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಚಳಿ ಅದರಿಂದ ನಮ್ಮನ್ನು ಕಾಯುವುದಿಲ್ಲ. ದ್ರಾವಕಗಳ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿಯುತ್ತದೆ. ಅಲ್ಲಿನ ಎಷ್ಟೋ ಗ್ಯಾರೇಜುಗಳಲ್ಲಿ ನೀರು ಕಾಯಿಸುವ ಗ್ಯಾಸಿನ ಹಂಡೆ ಮೂಲೆಯಲ್ಲೇ ಉರಿಯುತ್ತಿರುತ್ತದೆ. ಬಾಗಿಲು ತೆರೆದರೆ ಬಿಸಿ ಹೊರಟುಹೋಗುತ್ತದೆ, ಮುಚ್ಚಿದರೆ ಆವಿ ಒಳಗೇ ಉಳಿಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯ ಸಾಮಾನ್ಯ ಮನೆಯಲ್ಲಿಲ್ಲ. ಡಬ್ಬಿಯನ್ನು ಒಲೆಯ ಮೇಲಿಟ್ಟು ಬಿಸಿಮಾಡುವ ಸಾಹಸಿಗಳೂ ಇದ್ದಾರಂತೆ! 49 ಡಿಗ್ರಿಗಿಂತ ಹೆಚ್ಚು ಬಿಸಿ ತಗಲಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಮೀರಿದರೆ ಅದು ಸಿಡಿಯಬಲ್ಲದು.

ಕಾರ್ಖಾನೆಗಳು ವರ್ಷವಿಡೀ ಬಣ್ಣ ಹೊಡೆಯುವುದಿಲ್ಲವೇ ಎಂದು ಕೇಳಬಹುದು. ಹೌದು, ಗಿಬ್ಸನ್ ಗಿಟಾರುಗಳು 1984ರವರೆಗೆ ತಯಾರಾದದ್ದು ಹಿಮ ಸುರಿಯುವ ಅದೇ ಮಿಷಿಗನ್‌ನ ಕಲಮಜೂವಿನಲ್ಲಿ. ಆದರೆ ಕಾರ್ಖಾನೆಗೆ ಬಣ್ಣದ ಪ್ರತ್ಯೇಕ ಕೋಣೆಯಿರುತ್ತದೆ, ಆವಿಯನ್ನು ಹೊರಗೆಳೆಯುವ, ಕಿಡಿ ಹಾರದ ಫ್ಯಾನುಗಳಿರುತ್ತವೆ. ಗ್ಯಾರೇಜಿಗೆ ಅವಿಲ್ಲ.

ಹಾಗಾದರೆ ಮಾಡುವುದೇನು? ಕಾಯುವುದು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಆಶ್ ಮರವಾದರೆ ಅದರ ರಂಧ್ರಗಳನ್ನು ತುಂಬುವ ದೊಡ್ಡ ಕೆಲಸವೇ ಇದೆ. ಆಲ್ಡರ್ ಆದರೆ ಇನ್ನಷ್ಟು ನಯಗೊಳಿಸಬಹುದು. ಕತ್ತಿನ ಭಾಗವನ್ನು ಕೂಡಿಸಿ ನೋಡಬಹುದು, ಬಣ್ಣವಿಲ್ಲದೆಯೇ ತಂತಿ ಕಟ್ಟಿ ನುಡಿಸಿ ದೋಷಗಳನ್ನು ತಿದ್ದಬಹುದು. ಏಪ್ರಿಲ್ ಕಳೆದು ಹವೆ ಬೆಚ್ಚಗಾಗಿ ಒಣಗಿದ ಮೇಲೆ ಬಯಲಿನಲ್ಲಿ, ಮುಖಕ್ಕೆ ತಕ್ಕ ರಕ್ಷಣೆ ಧರಿಸಿ, ಮೊದಲು ಒಂದು ತುಂಡು ಹಲಗೆಯ ಮೇಲೆ ಕೈ ಪಳಗಿಸಿಕೊಂಡು, ತೆಳುವಾದ ಪದರಗಳಲ್ಲಿ ಬಣ್ಣ ಹೊಡೆಯಬಹುದು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದರು ಹಿರಿಯರು. ತಿಂಗಳುಗಟ್ಟಲೆ ಶ್ರದ್ಧೆಯಿಂದ ರೂಪಿಸಿದ ಮರದ ಮೇಲೆ ಆತುರದ ದೊಣ್ಣೆಯನ್ನು ಬೀಸುವುದೇಕೆ? ಗಿಟಾರು ಮೂರು ತಿಂಗಳು ತಡವಾಗಿ ಸಿದ್ಧವಾದರೆ ಯಾವ ರಾಗವೂ ಓಡಿಹೋಗುವುದಿಲ್ಲ. ಅದನ್ನು ನುಡಿಸಬೇಕಾದ ಕೈಗಳು ಕ್ಷೇಮವಾಗಿರಬೇಕು, ಅದು ಮುಖ್ಯ.