ಯಾವ ಠಾಣೆಗೆ ಬರುತ್ತೆ ಸಾರ್?

ಜವನಗೊಂಡನಹಳ್ಳಿಯವನಾದ ನಾನು ‘ಮೈ ಭಾರತ್’ ಪೋರ್ಟಲ್‌ನ 120 ಗಂಟೆಗಳ ಪೊಲೀಸ್ ಇಂಟರ್ನ್‌ಶಿಪ್‌ಗೆ ಸೇರಿದ ಮೊದಲ ದಿನಗಳಲ್ಲಿ ಹೆಚ್ಚು ಕೇಳಿದ ಪ್ರಶ್ನೆ: ‘ಇದು ಯಾವ ಠಾಣೆಗೆ ಬರುತ್ತೆ ಸಾರ್?’

ಹೆದ್ದಾರಿ 48ರ ಪಕ್ಕದ ನಮಗೆ ಈ ಗೊಂದಲ ಸಹಜ. ಬಸ್ಸಿನಲ್ಲಿ ಬ್ಯಾಗ್ ಕಳವಾದದ್ದು ಶಿರಾದಲ್ಲೋ ಹಿರಿಯೂರಿನಲ್ಲೋ, ಹೇಳುವುದು ಹೇಗೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಸಂಜ್ಞೇಯ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು.

ಕಾನೂನು ಬದಲಾದ ಮಾತ್ರಕ್ಕೆ ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂಬ ಹಳೆಯ ಮಾತು ನಿಲ್ಲುವುದಿಲ್ಲ. ಹಕ್ಕು ಗೊತ್ತಿದ್ದವರು ಕೇಳಿದಾಗ ಮಾತ್ರ ನಿಲ್ಲುತ್ತದೆ. ಪಿಎಸ್‌ಐ, ಕಾನ್‌ಸ್ಟೆಬಲ್ ಪರೀಕ್ಷೆಗೆಂದು ಸೆಕ್ಷನ್‌ಗಳನ್ನು ಬಾಯಿಪಾಠ ಮಾಡುವ ನಾವು, ಇದೊಂದನ್ನು ಮನೆಯವರಿಗೂ ಹೇಳಿಕೊಡೋಣ.