ಆರೇ ವರ್ಷಕ್ಕೆ ಕೈಬಿಟ್ಟ ಓಟ

ಸ್ಟೇಡಿಯಂ ಕಟ್ಟಿದರೆ ಸಾಕು, ಪದಕ ತಾನಾಗಿ ಉದುರುತ್ತದೆ ಎಂದು ನಂಬಿದವರು ದಿಲ್ಲಿಯಲ್ಲಿ ತುಂಬಾ ಇದ್ದಾರೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಾಯಿತು; ಈಗ 2036ರ ಒಲಿಂಪಿಕ್ಸ್ ಬೇಕಂತೆ. ಸರಿ, ಓಡುವವರು ಯಾರು?

ಉತ್ತರ ಕನ್ನಡದ ಕಾಡಿನಲ್ಲಿ ಇದಕ್ಕೆ ಉತ್ತರ ಸಿಕ್ಕಿತ್ತು. 1987ರಲ್ಲಿ, ಮಾರ್ಗರೆಟ್ ಆಳ್ವ ಕ್ರೀಡಾ ಸಚಿವೆಯಾಗಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಬುಡಕಟ್ಟಿನ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರಲ್ಲಿ ಯೋಜನೆಯನ್ನೇ ಮುಚ್ಚಿದರು. ಆರು ವರ್ಷ! ಹತ್ತು ವರ್ಷದ ಮಗುವನ್ನು ಕರೆತಂದಿದ್ದರೆ ಅದಕ್ಕಿನ್ನೂ ಮೀಸೆ ಚಿಗುರುವ ವಯಸ್ಸು. ಅಷ್ಟರಲ್ಲಿ 'ಫಲಿತಾಂಶ ಎಲ್ಲಿ?' ಎಂದು ಕೇಳಿ ಮನೆಗೆ ಕಳಿಸಿದ ಜಾಣರು ನಮ್ಮವರು.

2020ರಲ್ಲಿ ಐಕಳ ಕಂಬಳದ ವಿಡಿಯೊ ಹರಿದಾಡಿದಾಗ ಮಾತ್ರ ಈ ವ್ಯವಸ್ಥೆಗೆ ರೆಕ್ಕೆ ಬಂತು. ಕೋಣಗಳ ಹಿಂದೆ ಕೆಸರುಗದ್ದೆಯಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ಕೇಳಿದ್ದೇ ತಡ, ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಬೋಲ್ಟ್ ದಾಖಲೆ ಮುರಿಯಿತೆಂದರು. ಕೇಂದ್ರ ಸಚಿವ ಕಿರಣ್ ರಿಜಿಜು ಆಯ್ಕೆ ಪರೀಕ್ಷೆಗೆ ಕರೆದೇಬಿಟ್ಟರು. ಆಗ ಗೌಡರೇ ವಿವೇಕ ತೋರಿಸಿ, ತಮ್ಮ ಓಟ ಗದ್ದೆಯದು ಎಂದರು. ಸಿದ್ದಿ ಮಕ್ಕಳ ಕೈಬಿಟ್ಟಾಗ ವಾಟ್ಸ್‌ಆ್ಯಪ್ ಇರಲಿಲ್ಲ, ಪಾಪ.

ಗಡಿಯಾಚೆ ಕೇರಳದಲ್ಲೂ ಕತೆ ಬೇರೆಯಲ್ಲ. ವಯನಾಡಿನ ಒ.ಪಿ. ಜೈಷಾ 2016ರ ರಿಯೊ ಮ್ಯಾರಥಾನನ್ನು 2 ಗಂಟೆ 47 ನಿಮಿಷದಲ್ಲಿ ಮುಗಿಸಿ ಅಲ್ಲೇ ಕುಸಿದರು. ಭಾರತದ ಮೇಜುಗಳಲ್ಲಿ ನೀರು ಕೊಡಲು ಯಾರೂ ಇರಲಿಲ್ಲವೆಂದರು. ಅವರೇ ಬೇಡವೆಂದಿದ್ದರು ಎಂದಿತು ಅಥ್ಲೆಟಿಕ್ಸ್ ಫೆಡರೇಷನ್. 42 ಕಿಲೋಮೀಟರ್ ಓಡುವವರಿಗೆ ನೀರು ಬೇಕೋ ಬೇಡವೋ ಎಂಬುದೂ ನಮ್ಮಲ್ಲಿ ವಿವಾದ!

ಹಣವಿಲ್ಲ ಎಂಬ ಗೊಣಗಾಟ ಬೇಡ. ಖೇಲೋ ಇಂಡಿಯಾ ಮೂಲಸೌಕರ್ಯಕ್ಕೆಂದು ಗುಜರಾತಿಗೆ 426 ಕೋಟಿ, ಹರಿಯಾಣಕ್ಕೆ 66 ಕೋಟಿ ರೂಪಾಯಿ. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ 117 ಮಂದಿಯಲ್ಲಿ ಹರಿಯಾಣದವರು 24, ಗುಜರಾತಿನವರು ಬೆರಳೆಣಿಕೆ. ಪದಕ ಆರು, ಚಿನ್ನ ಸೊನ್ನೆ.

ಅದೇ ವಯನಾಡಿನಿಂದ ಪೊನ್ಕುಳಿ ದಾಟಿ ಕರ್ನಾಟಕದ ಮೂಲೆಹೊಳೆಗೆ ಬಂದರೆ, ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ತಡೆಯಲು 9ಕ್ಕೆ ಗೇಟು ಬೀಳುತ್ತದೆ. ಆ ಗೇಟಿನ ಬಗ್ಗೆ 2009ರಿಂದ ಎರಡೂ ರಾಜ್ಯಗಳು ಕೋರ್ಟು, ಸಭೆ, ಧರಣಿ ಎಂದು ಕಾದಾಡುತ್ತಲೇ ಇವೆ. ಲಾರಿಗೆ ಇಷ್ಟು ವಕೀಲರಿದ್ದಾರೆ. ಅದೇ ರಸ್ತೆಯ ಪಕ್ಕದ ಹಾಡಿಗಳ ಕಾಟ್ಟುನಾಯ್ಕ, ಜೇನುಕುರುಬ ಮಕ್ಕಳ ಕಾಲಿನ ಪರವಾಗಿ ಒಬ್ಬರೂ ನಿಂತಿಲ್ಲ.

2036ಕ್ಕೆ ಓಡಬೇಕಾದ ಮಗು ಇಂದು ಪ್ರಾಥಮಿಕ ಶಾಲೆಯಲ್ಲಿದೆ. ಮತ ಕೇಳಲು ಬರುವ ಸಂಸದರಿಂದ ಗುಂಡ್ಲುಪೇಟೆ, ಬತ್ತೇರಿಗಳ ಜನ ಬರವಣಿಗೆಯಲ್ಲಿ ಒಂದೇ ಮಾತು ಪಡೆಯಲಿ: ಹಾಡಿಯಿಂದ ಒಯ್ದ ಮಗುವನ್ನು ಹತ್ತು ವರ್ಷ ನಡುದಾರಿಯಲ್ಲಿ ಬಿಡುವುದಿಲ್ಲ ಎಂದು.