ರಕ್ತದ ಸಾಕ್ಷಿಯನ್ನು ಕೇಳೋಣ



ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಬಗ್ಗೆ ನಮ್ಮ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಕೇಳಿಬರುವ ಮಾತು ಒಂದೇ: "ಬಾಯಿ ಕಟ್ಟಲಾರದೆ ಹೊಟ್ಟೆ ಕುಯ್ಯಿಸಿಕೊಂಡರು." ಹೀಗೆನ್ನುವವರು ಎರಡನೆಯ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿರುತ್ತಾರೆ, ಅದಿರಲಿ. ಈ ಮಾತು ಕ್ರೂರವಾದುದು ಮಾತ್ರವಲ್ಲ, ತಪ್ಪಾದುದು ಎಂಬುದು ನನ್ನ ವಾದ. ಉತ್ತರಪತ್ರಿಕೆಯನ್ನು ನೋಡದೆಯೇ ಹುಡುಗನನ್ನು ದಡ್ಡನೆಂದು ಕರೆಯುವ ಉಪಾಧ್ಯಾಯರನ್ನು ನಾವು ಒಪ್ಪುತ್ತೇವೆಯೇ? ಇಲ್ಲಿ ಉತ್ತರಪತ್ರಿಕೆಯೆಂದರೆ ರಕ್ತಪರೀಕ್ಷೆಯ ವರದಿ.

1995ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಗ್ರೀನ್‌ವಿಲ್‌ನಲ್ಲಿದ್ದ ಶಸ್ತ್ರವೈದ್ಯ ವಾಲ್ಟರ್ ಪೋರಿಸ್ ಮತ್ತು ಅವರ ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಗ್ಯಾಸ್ಟ್ರಿಕ್ ಬೈಪಾಸ್ ಎಂದರೆ ಜಠರವನ್ನು ಕಿರಿದಾಗಿಸಿ, ಆಹಾರವು ಸಣ್ಣಕರುಳಿನ ಮೊದಲ ಭಾಗವನ್ನು ಹಾಯದೆ ಮುಂದೆ ಸಾಗುವಂತೆ ಮಾಡುವ ಚಿಕಿತ್ಸೆ. ಅದಕ್ಕೆ ಒಳಗಾದ 146 ಮಧುಮೇಹಿಗಳಲ್ಲಿ 121 ಮಂದಿಯ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಅನೇಕರಲ್ಲಿ ತೂಕ ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತದೆ. ಊಟ ಕಡಿಮೆಯಾಗುವುದು ಇದಕ್ಕೆ ಒಂದು ಕಾರಣ. ಆಹಾರ ಕೆಳಗರುಳನ್ನು ಬೇಗ ತಲುಪುವುದರಿಂದ ಇನ್ಸುಲಿನ್ ಸ್ರವಿಸಲು ಪ್ರೇರಣೆ ನೀಡುವ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚುವುದು ಇನ್ನೊಂದು. ಈಗ ಹೆಸರಾಗಿರುವ ಸೆಮಾಗ್ಲುಟೈಡ್ ಔಷಧ ಅನುಕರಿಸುವುದೂ ಇದೇ ಹಾರ್ಮೋನನ್ನು. ದೇಹದ ರಸಾಯನವೇ ಬದಲಾಗುವಲ್ಲಿ ಬಾಯಿಚಪಲದ ಉಪದೇಶಕ್ಕೆ ಏನು ಅರ್ಥ?

"ಪಥ್ಯ ಮಾಡಿದ್ದರೆ ಸಾಕಿತ್ತು" ಎನ್ನುವವರು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಅಧ್ಯಯನವನ್ನು ಗಮನಿಸಬೇಕು. ಅಲ್ಲಿ ಹತೋಟಿ ತಪ್ಪಿದ ಮಧುಮೇಹವುಳ್ಳ 150 ಮಂದಿಯನ್ನು ಮೂರು ಗುಂಪು ಮಾಡಿದರು. ಮೂರಕ್ಕೂ ಔಷಧ, ಪಥ್ಯ, ಸಲಹೆ ಎಲ್ಲವೂ ಇದ್ದವು. ಎರಡು ಗುಂಪುಗಳಿಗೆ ಮಾತ್ರ ಶಸ್ತ್ರಚಿಕಿತ್ಸೆಯೂ ಆಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ಶೇಕಡಾ 6 ಅಥವಾ ಅದಕ್ಕಿಂತ ಕಡಿಮೆಯಾಗಬೇಕೆಂಬುದು ಗುರಿ. 2017ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದಲ್ಲಿ ಈ ಗುರಿ ಮುಟ್ಟಿದವರು ಬೈಪಾಸ್ ಗುಂಪಿನಲ್ಲಿ ಶೇಕಡಾ 29, ಜಠರದ ಬಹುಭಾಗವನ್ನು ತೆಗೆಯುವ ಸ್ಲೀವ್ ಗುಂಪಿನಲ್ಲಿ 23, ಔಷಧ ಪಥ್ಯಗಳಷ್ಟೇ ಇದ್ದ ಗುಂಪಿನಲ್ಲಿ 5. ಟ್ರೈಗ್ಲಿಸರೈಡ್ ಕೊಬ್ಬು ಬೈಪಾಸ್‌ನವರಲ್ಲಿ ಶೇಕಡಾ 40ರಷ್ಟು ಇಳಿದರೆ, ಔಷಧದ ಗುಂಪಿನಲ್ಲಿ 8ರಷ್ಟು ಮಾತ್ರ ಇಳಿಯಿತು. ವೈದ್ಯರ ಕಣ್ಗಾವಲಿನಲ್ಲೇ ಪಥ್ಯದ ಫಲ ಇಷ್ಟಾದರೆ, ಸೋತವರನ್ನು ಸೋಮಾರಿಗಳೆನ್ನಲು ನಾವು ಯಾರು?

ಇದೇ ಅಂಕಿಗಳು "ಮಧುಮೇಹ ಶಾಶ್ವತವಾಗಿ ಮಾಯ" ಎನ್ನುವ ಜಾಹೀರಾತುಗಳನ್ನೂ ಸುಳ್ಳಾಗಿಸುತ್ತವೆ. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಎರಡು ವರ್ಷಗಳ ನಂತರ ಶೇಕಡಾ 72ರಷ್ಟು ಮಧುಮೇಹಿಗಳು ರೋಗದಿಂದ ಬಿಡುವು ಪಡೆದಿದ್ದರು; ಹದಿನೈದು ವರ್ಷಗಳ ನಂತರ ಆ ಪ್ರಮಾಣ ಸುಮಾರು 30. ಆದ್ದರಿಂದಲೇ ತಜ್ಞರು "ಗುಣ" ಎನ್ನದೆ "ಉಪಶಮನ" ಎನ್ನುತ್ತಾರೆ. ಬಿ12, ಡಿ ಜೀವಸತ್ವಗಳ ಮತ್ತು ಕಬ್ಬಿಣದ ಕೊರತೆಯ ಅಪಾಯವೂ ಉಂಟು. ಪೂರಕ ಮಾತ್ರೆ, ರಕ್ತಪರೀಕ್ಷೆಗಳು ಜೀವನಪರ್ಯಂತ ಬಿಡುವಂತಿಲ್ಲ.

ನಮ್ಮ ನಿಂದೆಯ ನಿಜವಾದ ಅನಾಹುತ ಇರುವುದು ಇಲ್ಲಿಯೇ. ಅವಮಾನಕ್ಕೆ ಅಂಜಿದವನು ಚಿಕಿತ್ಸೆಯನ್ನು ಮುಚ್ಚಿಡುತ್ತಾನೆ; ಮುಚ್ಚಿಟ್ಟವನು ಮಾತ್ರೆಯನ್ನೂ ತಪಾಸಣೆಯನ್ನೂ ಮರೆಮಾಚಬೇಕಾಗುತ್ತದೆ; ಪಂಕ್ತಿಯಲ್ಲಿ ಒತ್ತಾಯಕ್ಕೆ ಮಣಿದು ಉಣ್ಣಬೇಕಾಗುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಔಷಧಕ್ಕೂ ಸಕ್ಕರೆ ಬಗ್ಗದಿದ್ದಲ್ಲಿ, ಏಷ್ಯಾ ಮೂಲದವರಿಗೆ ದೇಹತೂಕ ಸೂಚ್ಯಂಕ 27.5 ಇದ್ದರೂ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು 2016ರ ಅಂತಾರಾಷ್ಟ್ರೀಯ ಹೇಳಿಕೆ ತಿಳಿಸಿತು. 1.6 ಮೀಟರ್ ಎತ್ತರದವರಿಗೆ ಅದು ಸುಮಾರು 70 ಕಿಲೋ! ಅಂದರೆ ಇದು "ಬೇರೆ ಯಾರದೋ" ವಿಷಯವಲ್ಲ, ನಮ್ಮ ಮನೆಯದೇ.

ಮಾಡಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ರೋಗಿ ಮತ್ತು ವೈದ್ಯರು ನಿರ್ಧರಿಸಲಿ. ಮಾಡಿಸಿಕೊಂಡವರ ಎಲೆಗೆ ಇನ್ನೊಂದು ಸೌಟು ಪಾಯಸ ಸುರಿಯದಿರೋಣ. "ಎಷ್ಟು ಕಿಲೋ ಇಳಿದೆ?" ಎಂಬ ಪ್ರಶ್ನೆಯನ್ನೂ ಬಿಡೋಣ. "ಈ ವರ್ಷದ ರಕ್ತಪರೀಕ್ಷೆ ಆಯಿತೇ? ನಾನು ಜೊತೆಗೆ ಬರಲೇ?" ಎಂದು ಕೇಳೋಣ.